ಟಿಕೆಟ್ ಬುಕ್ ಮಾಡುವ ಮುಂಚೆ ಪ್ಲಗ್ ಎಲ್ಲಿದೆ ಹೇಳಿ

ಹುಬ್ಬಳ್ಳಿ-ಧಾರವಾಡದ ಟೂರ್ ಏಜೆನ್ಸಿಯವರಿಗೂ, ಹಡಗು ಪ್ರವಾಸ ನಡೆಸುವ ಕಂಪನಿಗಳ ಬುಕಿಂಗ್ ವಿಭಾಗದವರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ್ರೀ. ಕ್ರೂಸ್ ಪ್ಯಾಕೇಜ್ ಬುಕ್ ಮಾಡುವಾಗ ನೀವು ಒಂದು ಫಾರ್ಮ್ ತುಂಬಿಸಿಕೊಳ್ಳುತ್ತೀರಿ. ಊಟ ವೆಜ್ಜೋ ನಾನ್‌ವೆಜ್ಜೋ, ಜೈನ್ ಊಟ ಬೇಕೋ, ಕ್ಯಾಬಿನ್ನಿಗೆ ಬಾಲ್ಕನಿ ಇರಬೇಕೋ ಬೇಡವೋ, ಎಲ್ಲ ಕೇಳುತ್ತೀರಿ. ಕೊನೆಗೆ ಒಂದು ಸಾಲು: ವ್ಹೀಲ್‌ಚೇರ್ ಬೇಕೇ, ಹೌದು ಅಥವಾ ಇಲ್ಲ. ಬ್ಯಾಟರಿ ಸ್ಕೂಟರ್ ಮೇಲೆ ಓಡಾಡುವವರ ಮಟ್ಟಿಗೆ ನಿಮ್ಮ ವಿಚಾರಣೆ ಅಲ್ಲಿಗೆ ಮುಗಿಯಿತು. ಆ ಸ್ಕೂಟರ್ ಹಡಗಿನಲ್ಲಿ ಎಲ್ಲಿ ನಿಲ್ಲುತ್ತದೆ, ರಾತ್ರಿ ಯಾವ ಪ್ಲಗ್ಗಿಗೆ ಹಚ್ಚಬೇಕು, ಆ ಪ್ಲಗ್ಗಿನಲ್ಲಿ ಎಷ್ಟು ವೋಲ್ಟ್ ಬರುತ್ತದೆ, ಇದನ್ನು ನೀವೂ ಕೇಳುವುದಿಲ್ಲ, ಕಂಪನಿಯವರೂ ಹೇಳುವುದಿಲ್ಲ. ದುಡ್ಡು ಕಟ್ಟಿಸಿಕೊಳ್ಳುವ ಮುಂಚೆ ಇದಕ್ಕೆ ಬರಹದಲ್ಲಿ ಉತ್ತರ ಕೊಡಿ. ನನ್ನ ಬೇಡಿಕೆ ಇಷ್ಟೇ. ಉಳಿದದ್ದೆಲ್ಲ ಅದು ಯಾಕೆ ಬೇಕು ಅನ್ನುವುದರ ವಿವರ.

ಗಾಡಿ ಯಾವುದು ಅಂತ ಮೊದಲು ಹೇಳಿಬಿಡುತ್ತೇನೆ. ಹೊಸೂರು ಸರ್ಕಲ್ಲಿನಲ್ಲಿ ಸುಯ್ ಅಂತ ಹೋಗುವ ಎಲೆಕ್ಟ್ರಿಕ್ ಸ್ಕೂಟಿ ಅಲ್ಲ. ನಾಲ್ಕು ಸಣ್ಣ ಗಾಲಿ, ಮೇಲೆ ಒಂದು ಕುರ್ಚಿ, ಮುಂದೆ ಒಂದು ಹ್ಯಾಂಡಲ್ ಕಂಬ. ಓಡುವುದು ನಡಿಗೆಯ ವೇಗದಲ್ಲಿ. ಮನೆಯೊಳಗೆ ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕಬಲ್ಲ, ಆದರೆ ಬೀದಿ ದಾಟಲಾರದ ಜನ ಇದನ್ನು ಬಳಸುತ್ತಾರೆ. ನಮ್ಮ ಅಪ್ಪ ಅಂಥವರು. ಇಲ್ಲಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಟ್ರೇನ್ ಲೈಟಿಂಗ್ ಸೆಕ್ಷನ್ನಿನಲ್ಲಿದ್ದು ರಿಟೈರ್ ಆದವರು. ಬೋಗಿಗಳ ಕೆಳಗೆ ಬಗ್ಗಿ ಬಗ್ಗಿ ಬೆನ್ನು ಹೋಯಿತು ಅಂತ ಅವರು ಹೇಳುತ್ತಾರೆ. ವಯಸ್ಸು ಅಂತ ಡಾಕ್ಟರು ಹೇಳುತ್ತಾರೆ. ಏನೇ ಇರಲಿ, ಬ್ಯಾಟರಿ ವಿಷಯದಲ್ಲಿ ಅವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಸ್ಕೂಟರಿನ ಸೀಟಿನ ಕೆಳಗೆ 12 ವೋಲ್ಟಿನ ಎರಡು ಸೀಲ್ಡ್ (ಮುಚ್ಚಿದ, ನೀರು ಹಾಕಬೇಕಿಲ್ಲದ) ಬ್ಯಾಟರಿ ಇವೆ, 20 ಆಂಪಿಯರ್-ಅವರ್‌ನವು. ಎರಡನ್ನೂ ಸೀರೀಸ್‌ನಲ್ಲಿ ಕೂಡಿಸಿ 24 ವೋಲ್ಟ್. ಲೆಕ್ಕ ಹಾಕಿದರೆ 480 ವಾಟ್-ಅವರ್, ಅಂದರೆ ಅರ್ಧ ಯೂನಿಟ್ಟಿಗೂ ಒಂದು ಕೂದಲು ಕಡಿಮೆ. ಚಾರ್ಜರ್ 2 ಆಂಪಿಯರ್‌ದು. ಗೋಡೆಯಿಂದ ಅದು ಎಳೆಯುವುದು ಹಳೇ ಸೀಲಿಂಗ್ ಫ್ಯಾನಿನಷ್ಟು, ಎಪ್ಪತ್ತು ವಾಟಿನ ಆಸುಪಾಸು. ಕ್ಯಾಬಿನ್ನಿನಲ್ಲಿ ನೀವೇ ಇಟ್ಟಿರುವ ಹೇರ್ ಡ್ರೈಯರ್ ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಕರೆಂಟ್ ತಿನ್ನುತ್ತದೆ. ಹಾಗಾಗಿ ‘ಲೋಡ್ ಆಗುತ್ತದೆ’ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಇದಕ್ಕೆ ಬೇಕಾದ್ದು ಹೊತ್ತು. ಪೂರ್ತಿ ಇಳಿದ ಬ್ಯಾಟರಿ ತುಂಬಲು ಹತ್ತು ಹನ್ನೆರಡು ತಾಸು ಬೇಕು. ಅದರಲ್ಲೂ ಮೊದಲ ಪಾಲು ಬೇಗ ತುಂಬುತ್ತದೆ, ಕೊನೆಯ ಪಾಲು ಬಹಳ ನಿಧಾನ. ‘ಊಟಕ್ಕೆ ಹೋದಾಗ ಒಂದು ತಾಸು ಹಚ್ಚಿದರೆ ಸಾಕಲ್ವಾ?’ ಅಂತ ಒಬ್ಬರು ಕೇಳಿದರು. ಸಾಕಾಗಲ್ಲ. ಸೀಲ್ಡ್ ಬ್ಯಾಟರಿಗೆ ಇಡೀ ರಾತ್ರಿ ಬೇಕು. ಒಂದು ರಾತ್ರಿ ತಪ್ಪಿದರೆ ಮರುದಿನ ಮನುಷ್ಯ ಕ್ಯಾಬಿನ್ನಿನಲ್ಲೇ ಕೂಡಬೇಕು. ಖಾಲಿ ಬ್ಯಾಟರಿಯನ್ನು ಹಾಗೇ ದಿನಗಟ್ಟಲೆ ಬಿಟ್ಟರೆ ಒಳಗಿನ ಪ್ಲೇಟಿನ ಮೇಲೆ ಸಲ್ಫೇಟ್ ಕೂತು ಅದರ ಆಯುಷ್ಯವೂ ಕಡಿಮೆಯಾಗುತ್ತದೆ. ಹೊಸ ಜೋಡಿ ಬ್ಯಾಟರಿಯ ರೇಟು ಕೇಳಿ ನೋಡಿ, ಗೊತ್ತಾಗುತ್ತದೆ.

ಹಡಗು ಹತ್ತುವವರೆಗಿನ ದಾರಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ನಮ್ಮ ಸಿದ್ಧಾರೂಢ ಸ್ವಾಮೀಜಿ ರೈಲ್ವೆ ನಿಲ್ದಾಣದಲ್ಲಿ ಜಗತ್ತಿನಲ್ಲೇ ಉದ್ದದ ಪ್ಲಾಟ್‌ಫಾರ್ಮ್ ಇದೆ, 1,507 ಮೀಟರ್, 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಊರಿಗೆ ಹೆಮ್ಮೆ, ಇಲ್ಲ ಅನ್ನಲ್ಲ. ಆದರೆ ಇಂಥ ನಿಲ್ದಾಣದಲ್ಲಿ ನಿಮ್ಮ ಕೋಚ್ ಆ ತುದಿಗೆ ಬಂದರೆ ಬ್ಯಾಟರಿಯ ಒಂದು ಪಾಲು ಅಲ್ಲೇ ಖರ್ಚು. ಆಮೇಲೆ ದಾದರ್ ಗಾಡಿಯಲ್ಲಿ ರಾತ್ರಿ ಪ್ರಯಾಣ. ಬೋಗಿಯಲ್ಲಿರುವ ಚಾರ್ಜಿಂಗ್ ಪಾಯಿಂಟ್ 110 ವೋಲ್ಟಿನದು, ಮೊಬೈಲಿಗೆ, ಲ್ಯಾಪ್‌ಟಾಪಿಗೆ ಅಂತ ಕೊಟ್ಟದ್ದು. ಬೆಂಕಿಯ ಭಯಕ್ಕೆ ರಾತ್ರಿ 11ರಿಂದ ಬೆಳಗಿನ 5ರವರೆಗೆ ಅದನ್ನು ಬಂದ್ ಇಡಬೇಕು ಅಂತ ರೈಲ್ವೆಯ ಸೂಚನೆಯೇ ಇದೆ. ಅಪ್ಪ ಅದನ್ನು ಸರಿ ಅನ್ನುತ್ತಾರೆ, ನನಗೂ ತಕರಾರಿಲ್ಲ. ಮುಂಬೈಯಲ್ಲಿ ಇಳಿದ ಮೇಲೆ ಟ್ಯಾಕ್ಸಿಯ ಡಿಕ್ಕಿಗೆ ಹಾಕಲು ಸ್ಕೂಟರನ್ನು ಬಿಚ್ಚಬೇಕು. ಸೀಟು ಬೇರೆ, ಬ್ಯಾಟರಿ ಬೇರೆ, ಬ್ಯಾಟರಿ ಒಂದೊಂದೂ ಆರೇಳು ಕೆಜಿ. ಬಂದರಿನಲ್ಲಿ ಮತ್ತೆ ಜೋಡಿಸಿ, ಚೆಕ್-ಇನ್ ಸಾಲಿನಲ್ಲಿ ಇಂಚಿಂಚೇ ಮುಂದೆ ಹೋಗಬೇಕು. ಹೀಗೆ ಹಡಗಿನೊಳಗೆ ಕಾಲಿಡುವ ಹೊತ್ತಿಗೆ ಬ್ಯಾಟರಿಯಲ್ಲಿರುವುದು ಹಿಂದಿನ ದಿನ ಹುಬ್ಬಳ್ಳಿಯ ಮನೆಯಲ್ಲಿ ತುಂಬಿಸಿದ ಚಾರ್ಜ್, ಅದೂ ಅರೆಬರೆ. ಹಡಗಿನ ಮೊದಲ ರಾತ್ರಿಯೂ ಹೋದರೆ ಮುಗಿಯಿತು.

ನಮಗೆ ಆಗಿದ್ದು ಅದೇ. ಊರಿನ ಒಂದು ಏಜೆನ್ಸಿಯಲ್ಲಿ ಬುಕ್ ಮಾಡಿದ್ದೆವು. ಹೆಸರು ಬರೆಯುವುದಿಲ್ಲ, ಯಾಕೆಂದರೆ ಬೇರೆಯವರ ಹತ್ತಿರ ಹೋಗಿದ್ದರೂ ಇದೇ ಫಾರ್ಮ್ ಇರುತ್ತಿತ್ತು. ಸ್ಕೂಟರಿನ ಅಗಲ, ತೂಕ ಎಲ್ಲ ಹೇಳಿದ್ದೆ. ‘ಏನೂ ತ್ರಾಸ ಇಲ್ರಿ ಮೇಡಂ, ಒಳಗ ಫೈವ್ ಸ್ಟಾರ್ ಹೋಟೆಲ್ ಇದ್ದಂಗ ಐತಿ’ ಅಂದರು. ಕೊಡಿಸಿದ್ದು ಸಾಮಾನ್ಯ ಕ್ಯಾಬಿನ್. ಎಷ್ಟೋ ಹಡಗುಗಳಲ್ಲಿ ಸಾಮಾನ್ಯ ಕ್ಯಾಬಿನ್ನಿನ ಬಾಗಿಲು 22-23 ಇಂಚು ಅಷ್ಟೇ ಇರುತ್ತದೆ. ವ್ಹೀಲ್‌ಚೇರ್, ಸ್ಕೂಟರ್ ಇರುವವರಿಗೆ ಅಂತ ಮಾಡಿದ ಕ್ಯಾಬಿನ್ನುಗಳಲ್ಲಿ ಸುಮಾರು 32 ಇಂಚಿನ ಬಾಗಿಲು ಇರುತ್ತದೆ, ಅವು ಇಡೀ ಹಡಗಿಗೆ ಕೆಲವೇ ಕೆಲವು. ನಮ್ಮ ಸ್ಕೂಟರ್ ಬಾಗಿಲಲ್ಲೇ ಸಿಕ್ಕಿಕೊಂಡಿತು. ಹೊರಗೆ ಕಾರಿಡಾರಿನಲ್ಲಿ ನಿಲ್ಲಿಸೋಣ ಅಂದರೆ ಬಿಡಲಿಲ್ಲ. ಅದು ಸರಿಯಾದ ನಿಯಮವೇ. ಬೆಂಕಿಯೋ ಹೊಗೆಯೋ ಬಂದರೆ ಸಾವಿರಾರು ಜನ ಅದೇ ದಾರಿಯಲ್ಲಿ ಓಡಬೇಕು, ಕತ್ತಲಲ್ಲಿ ಸ್ಕೂಟರಿಗೆ ಎಡವಿ ಬಿದ್ದರೆ ಗತಿ ಏನು? ಕೊನೆಗೆ ರಿಸೆಪ್ಶನ್ ಹತ್ತಿರದ ಒಂದು ಕೋಣೆಯಲ್ಲಿ ಇಟ್ಟುಕೊಂಡರು. ಚಾರ್ಜ್ ಹಚ್ಚಲಿಲ್ಲ. ಕಾವಲಿಗೆ ಯಾರೂ ಇಲ್ಲದ ಕೋಣೆಯಲ್ಲಿ ಬೇರೆಯವರ ಬ್ಯಾಟರಿ ಹಚ್ಚುವ ಜವಾಬ್ದಾರಿ ಯಾರು ತಗೋತಾರೆ? ಮರುದಿನ ಅಪ್ಪ ಕ್ಯಾಬಿನ್ನಿನ ಕಿಟಕಿ ಪಕ್ಕ ಕೂತು ಸಮುದ್ರ ನೋಡಿದರು. ಅದಕ್ಕೆ ಅಷ್ಟು ದುಡ್ಡು ಬೇಕಿರಲಿಲ್ಲ.

ಇನ್ನೊಂದು ಸಂಗತಿ ಹಡಗು ಹತ್ತುವ ಮೊದಲೇ ನಡೆದಿತ್ತು. ಬ್ಯಾಗ್ ಸ್ಕ್ಯಾನ್ ಮಾಡುವಾಗ ನಮ್ಮ ಎಕ್ಸ್‌ಟೆನ್ಶನ್ ಬೋರ್ಡ್ ತೆಗೆದಿಟ್ಟುಕೊಂಡು, ಇಳಿಯುವಾಗ ಕೊಡ್ತೀವಿ ಅಂತ ಚೀಟಿ ಕೊಟ್ಟರು. ಅದರಲ್ಲಿ ಸರ್ಜ್ ಗಾರ್ಡ್, ಅಂದರೆ ವೋಲ್ಟೇಜ್ ಒಮ್ಮೆಲೇ ಏರಿದರೆ ತಡೆಯುವ ಸಾಧನ ಇತ್ತು. ನನಗೆ ಸಿಟ್ಟು ಬಂತು. ಅಪ್ಪನಿಗೆ ಬರಲಿಲ್ಲ. ಅವರು ಹೇಳಿದ ಕಾರಣವನ್ನು ಇಲ್ಲಿ ಬರೆಯುತ್ತೇನೆ, ಯಾಕೆಂದರೆ ಇದನ್ನು ಹೇಳುವ ಏಜೆಂಟರನ್ನು ನಾನಿನ್ನೂ ನೋಡಿಲ್ಲ.

ಮನೆಯಲ್ಲಿ ಎರಡು ವೈರ್ ಬರುತ್ತವೆ, ಒಂದು ಫೇಸ್, ಒಂದು ನ್ಯೂಟ್ರಲ್. ನ್ಯೂಟ್ರಲ್ಲನ್ನು ಟ್ರಾನ್ಸ್‌ಫಾರ್ಮರ್ ಹತ್ತಿರ ಭೂಮಿಗೆ ಕೂಡಿಸಿರುತ್ತಾರೆ. ಸಾಮಾನ್ಯವಾಗಿ ಹಡಗಿನಲ್ಲಿ ಹಾಗಲ್ಲ. ಎರಡು ವೈರಿನಲ್ಲಿ ಯಾವುದನ್ನೂ ಹಡಗಿನ ಕಬ್ಬಿಣದ ಮೈಗೆ ಕೂಡಿಸಿರುವುದಿಲ್ಲ. ಒಂದು ಕಡೆ ವೈರ್ ಸುಲಿದು ಮೈಗೆ ತಾಗಿದರೂ ಇಡೀ ಹಡಗಿನ ಕರೆಂಟ್ ಹೋಗಬಾರದು ಅಂತ ಈ ವ್ಯವಸ್ಥೆ. ನಡುಸಮುದ್ರದಲ್ಲಿ ಕರೆಂಟ್ ಹೋದರೆ ಹೇಗೆ? ಆದರೆ ಸರ್ಜ್ ಗಾರ್ಡ್ ಒಳಗೆ ವೈರಿನಿಂದ ಅರ್ಥಿಂಗಿಗೆ ಸೇತುವೆಯಂತೆ ಒಂದು ಬಿಡಿಭಾಗ ಕೂತಿರುತ್ತದೆ. ಎಲ್ಲೋ ಒಂದು ಕಡೆ ವೈರ್ ಮೈಗೆ ತಾಗಿತು ಅಂದುಕೊಳ್ಳಿ. ಆಗ ಆ ಬಿಡಿಭಾಗದ ಮೇಲೆ ಪೂರ್ತಿ ವೋಲ್ಟೇಜ್ ಬೀಳುತ್ತದೆ, ಅದು ಬಿಸಿಯಾಗುತ್ತದೆ, ಕೆಲವೊಮ್ಮೆ ಹೊತ್ತಿಕೊಳ್ಳುತ್ತದೆ. ‘ನಮ್ಮ ಬೋಗಿಯೊಳಗೂ ಹಿಂಗ ಐತಿ ನೋಡವ್ವಾ. ಪ್ಲಸ್ಸೂ ಬಾಡಿಗೆ ತಾಕಂಗಿಲ್ಲ, ಮೈನಸ್ಸೂ ತಾಕಂಗಿಲ್ಲ. ಲ್ಯಾಂಪ್ ಹಚ್ಚಿ ಟೆಸ್ಟ್ ಮಾಡ್ತಿದ್ವಿ’ ಅಂದರು ಅಪ್ಪ. ಹುಬ್ಬಳ್ಳಿ ವರ್ಕ್‌ಶಾಪಿನ ಜ್ಞಾನ ಅರಬ್ಬಿ ಸಮುದ್ರದಲ್ಲಿ ಕೆಲಸಕ್ಕೆ ಬಂತು.

ಅಂದರೆ ಬೋರ್ಡ್ ಕಿತ್ತುಕೊಂಡದ್ದು ನ್ಯಾಯ. ಅನ್ಯಾಯ ಇನ್ನೊಂದು ಕಡೆ ಇದೆ. ತರಬೇಡಿ ಅಂತ ಮೊದಲೇ ಹೇಳಲಿಲ್ಲ. ಬದಲಿಗೆ ಹಡಗಿನದೇ ಸಾದಾ ಎಕ್ಸ್‌ಟೆನ್ಶನ್ ವೈರ್ ಕೊಡುತ್ತೇವೆ ಅಂತಲೂ ಹೇಳಲಿಲ್ಲ. ಬಹಳಷ್ಟು ಕಂಪನಿಗಳ ಹಡಗಿನಲ್ಲಿ ಕೇಳಿದರೆ ಕೊಡುತ್ತಾರೆ. ನಿದ್ದೆಯಲ್ಲಿ ಉಸಿರಾಟದ ಮೆಷಿನ್ ಹಾಕಿಕೊಳ್ಳುವವರಿಗೆ ಅಂತ ಇಟ್ಟೇ ಇರುತ್ತಾರೆ. ಆದರೆ ಕೇಳಬೇಕು ಅಂತ ಗೊತ್ತಿದ್ದರೆ ತಾನೇ ಕೇಳುವುದು?

ಮುಂದೆ ಹಡಗಿನವರೇ ಖಾಲಿ ಇದ್ದ ಒಂದು ದೊಡ್ಡ ಬಾಗಿಲಿನ ಕ್ಯಾಬಿನ್ನಿಗೆ ನಮ್ಮನ್ನು ಬದಲಿಸಿದರು. ಅವರಿಗೆ ಥ್ಯಾಂಕ್ಸ್ ಹೇಳಲೇಬೇಕು. ಒಳಗೆ ಹೋಗಿ ನೋಡಿದರೆ ಇಡೀ ಕೋಣೆಗೆ ಪ್ಲಗ್ ಇರುವುದು ಡ್ರೆಸ್ಸಿಂಗ್ ಟೇಬಲ್ಲಿನ ಮೇಲೆ ಮಾತ್ರ. ಒಂದು ಅಮೆರಿಕದ ಚಪ್ಪಟೆ ಕಾಲಿನ 110 ವೋಲ್ಟಿನದು, ಪಕ್ಕದಲ್ಲಿ ಯುರೋಪಿನ ದುಂಡು ಕಾಲಿನ 220 ವೋಲ್ಟಿನದು. ನಮ್ಮ ಮೂರು ಪಿನ್ನಿನ ಪ್ಲಗ್ ಎರಡಕ್ಕೂ ಹೋಗಲ್ಲ. ಸ್ಕೂಟರ್ ನಿಲ್ಲುವ ಜಾಗ ಬಾಗಿಲ ಪಕ್ಕ. ಚಾರ್ಜರಿನ ವೈರ್ ಎಳೆದರೆ ಮಂಚದ ಮೂಲೆಗೆ ಬಂದು ನಿಂತಿತು. ಚಾರ್ಜ್ ಹಚ್ಚುವ ತೂತು ಹ್ಯಾಂಡಲ್ ಕಂಬದ ಮೇಲಿದ್ದರಿಂದ ಬ್ಯಾಟರಿ ಬಿಚ್ಚಿ ಟೇಬಲ್ ಮೇಲೆ ಇಡುವ ದಾರಿಯೂ ಇಲ್ಲ. ಅಪ್ಪ ಕನ್ನಡಕವನ್ನು ಹಣೆಗೇರಿಸಿ, ಚಾರ್ಜರನ್ನು ಬೋರಲು ಮಾಡಿ, ಮೂಗಿನ ಹತ್ತಿರ ಹಿಡಿದು ಹಿಂದಿನ ಲೇಬಲ್ ಓದಿದರು. ಇನ್‌ಪುಟ್ 100ರಿಂದ 240 ವೋಲ್ಟ್, 50/60 ಹರ್ಟ್ಜ್. ‘ಎರಡರಾಗ ಯಾವುದಕ್ಕರ ಹಚ್ಚು, ನಡೀತೈತಿ’ ಅಂದರು. ಫೋನ್ ಮಾಡಿದೆ. ಎಲೆಕ್ಟ್ರಿಷಿಯನ್ ಹುಡುಗನೊಬ್ಬ ಬಂದ, ಕೈಯಲ್ಲಿ ದಪ್ಪ ಕಪ್ಪು ಎಕ್ಸ್‌ಟೆನ್ಶನ್ ವೈರ್, ತುದಿಗೆ ಹಡಗಿನ ಸ್ಟಿಕರ್. ಅವನೂ ಮೊದಲು ಲೇಬಲ್ ನೋಡಿದ, ಆಮೇಲೆ ಚಾರ್ಜರ್ ಮೈಮೇಲೆ ಕೈಯಾಡಿಸಿ ವೈರ್ ಎಲ್ಲಾದರೂ ಸುಲಿದಿದೆಯಾ ಅಂತ ನೋಡಿದ. ಎಕ್ಸ್‌ಟೆನ್ಶನ್ ವೈರನ್ನು ಕಾಲಿಗೆ ತೊಡರದ ಹಾಗೆ ಗೋಡೆಯಂಚಿಗೆ ಟೇಪ್ ಹಾಕಿ ಎಳೆದ. ದುಂಡು ಕಾಲಿನ ಒಂದು ಅಡಾಪ್ಟರನ್ನೂ ಜೇಬಿನಿಂದ ತೆಗೆದ. ಕೆಂಪು ದೀಪ ಹತ್ತಿತು. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ. ಬುಕಿಂಗ್ ಸಮಯದಲ್ಲೇ ಹೇಳಿದ್ದರೆ ಮೊದಲ ಸಂಜೆಯೇ ಆಗುತ್ತಿತ್ತು.

ನೀವು ನೋಡಿ, ಹತ್ತುವ ಇಳಿಯುವ ವಿಷಯ ಈಗ ಜನರಿಗೆ ಅರ್ಥವಾಗಿದೆ. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ನಮ್ಮ ಚಿಗರಿ ಬಸ್ಸಿನ ನೆಲ ಮತ್ತು ನಿಲ್ದಾಣದ ನೆಲ ಒಂದೇ ಮಟ್ಟಕ್ಕೆ ಇದೆ. ರ‍್ಯಾಂಪ್ ಎಲ್ಲಿ ಅಂತ ಕೇಳಿದರೆ ಹುಡುಗರೂ ತೋರಿಸುತ್ತಾರೆ. ಚಾರ್ಜ್ ವಿಷಯ ಮಾತ್ರ ಯಾರ ತಲೆಗೂ ಹೋಗಿಲ್ಲ. ರ‍್ಯಾಂಪ್ ಎಷ್ಟೇ ಚೆಂದ ಇರಲಿ, ಬ್ಯಾಟರಿ ಸತ್ತ ಸ್ಕೂಟರ್ ಅದನ್ನು ಏರುವುದಿಲ್ಲ.

ಹಾಗಾದರೆ ಏನು ಕೇಳಬೇಕು, ಏನು ಹೇಳಬೇಕು? ಏಜೆಂಟರೇ, ಮೊದಲು ಗ್ರಾಹಕರಿಂದ ಸ್ಕೂಟರಿನ ಉದ್ದ, ಅಗಲ, ತೂಕ ಬರೆದುಕೊಳ್ಳಿ. ಬ್ಯಾಟರಿ ಸೀಲ್ಡೋ, ಜೆಲ್ಲೋ, ಲಿಥಿಯಮ್ಮೋ ಕೇಳಿ. ನೀರು ಹಾಕುವ ಹಳೇ ಬಗೆಯದಾದರೆ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಮುಚ್ಚಿದ ಕ್ಯಾಬಿನ್ನಿಗೆ ಅದು ಆಗುವುದೇ ಇಲ್ಲ, ಅದನ್ನು ಅಲ್ಲೇ ಹೇಳಿಬಿಡಿ. ಚಾರ್ಜರಿನ ಲೇಬಲ್ಲಿನ ಫೋಟೊ ತರಿಸಿಕೊಳ್ಳಿ. ಇಲ್ಲಿಯ ಅಂಗಡಿಯಲ್ಲಿ ಕೊಂಡ ಬದಲಿ ಚಾರ್ಜರ್ ಎಷ್ಟೋ ಸಲ 230 ವೋಲ್ಟಿಗೆ ಮಾತ್ರ ಇರುತ್ತದೆ. ಅದನ್ನು 110ಕ್ಕೆ ಹಚ್ಚಿದರೆ ರಾತ್ರಿಯೆಲ್ಲ ಹಚ್ಚಿದರೂ ಚಾರ್ಜ್ ಏರದೆ ಇರಬಹುದು. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟೇಜ್ ಬದಲಿಸುವುದಿಲ್ಲ. ಇದಿಷ್ಟನ್ನೂ ಕಂಪನಿಗೆ ಕಳಿಸಿ. ದೊಡ್ಡ ವಿದೇಶಿ ಕಂಪನಿಗಳಲ್ಲಿ ಇದಕ್ಕೆಂದೇ ಫಾರ್ಮ್ ಇರುತ್ತದೆ. ನಿಮ್ಮ ಮೇಜಿನವರೆಗೆ ಅದು ಬಂದೇ ಇಲ್ಲ, ಅಥವಾ ಬಂದರೂ ಯಾರೂ ಓದಿಲ್ಲ.

ಕಂಪನಿಯವರೇ, ನೀವು ವಾಪಸ್ ಬರೆಯಬೇಕಾದ್ದು ಇದು: ಕ್ಯಾಬಿನ್ ಬಾಗಿಲಿನ ಅಗಲ ಎಷ್ಟು, ಪ್ಲಗ್ ಎಲ್ಲಿದೆ, ಅಲ್ಲಿಂದ ಸ್ಕೂಟರ್ ನಿಲ್ಲುವ ಜಾಗಕ್ಕೆ ಎಷ್ಟು ದೂರ, ಹಡಗಿನ ಎಕ್ಸ್‌ಟೆನ್ಶನ್ ವೈರ್ ಮೊದಲ ಸಂಜೆಯೇ ಕೋಣೆಯಲ್ಲಿ ಇರುತ್ತದೆಯೇ, ಬಾಗಿಲ ಹತ್ತಿರದ ಕೀ ಕಾರ್ಡ್ ತೆಗೆದರೆ ಪ್ಲಗ್ಗಿನ ಕರೆಂಟೂ ಹೋಗುತ್ತದೆಯೇ. ಕೊನೆಯದು ಸಣ್ಣ ವಿಷಯ ಅನ್ನಿಸುತ್ತದೆ. ಕೆಲವು ಹಡಗುಗಳಲ್ಲಿ ಹಾಗೆ ಆಗುತ್ತದೆ. ಚಾರ್ಜ್ ಹಚ್ಚಿ ತಿಂಡಿಗೆ ಹೋದವರು ಬಂದು ನೋಡಿದರೆ ಬ್ಯಾಟರಿ ಎಲ್ಲಿತ್ತೋ ಅಲ್ಲೇ ಇರುತ್ತದೆ. ಇಳಿಯುವ ಊರುಗಳ ವಿಷಯವನ್ನೂ ಸೇರಿಸಿ. ಲಕ್ಷದ್ವೀಪದಂಥ ಕಡೆ ದೊಡ್ಡ ಹಡಗು ದಡಕ್ಕೆ ತಾಗುವುದಿಲ್ಲ, ದೂರ ನಿಂತು ಸಣ್ಣ ದೋಣಿಯಲ್ಲಿ ಜನರನ್ನು ಕರೆದೊಯ್ಯುತ್ತಾರೆ. ಆ ದೋಣಿಗೆ ಸ್ಕೂಟರ್ ಹತ್ತಿಸುವುದು ಕಷ್ಟ. ಅದನ್ನು ಮೊದಲೇ ಹೇಳಿದರೆ ಬೇಜಾರಿಲ್ಲ, ಬೇರೆ ಪ್ಯಾಕೇಜ್ ಆರಿಸುತ್ತೇವೆ.

‘ಇಂಥ ಗಿರಾಕಿ ವರ್ಷಕ್ಕೆ ಒಬ್ಬರೋ ಇಬ್ಬರೋ’ ಅಂತ ನೀವು ಹೇಳಬಹುದು. ಅಪ್ಪ-ಅಮ್ಮನ ಮದುವೆ ವಾರ್ಷಿಕೋತ್ಸವಕ್ಕೆ ಹಡಗಿನ ಟಿಕೆಟ್ ಉಡುಗೊರೆ ಕೊಡಿ ಅಂತ ಪೋಸ್ಟರ್ ಹಾಕುವವರೂ ನೀವೇ ಅಲ್ವಾ? ಆ ಅಪ್ಪ-ಅಮ್ಮನಿಗೆ ಎಷ್ಟು ವಯಸ್ಸು ಅಂದುಕೊಂಡಿದ್ದೀರಿ?

ಕಾನೂನು ಹೇಳಿ ಹೆದರಿಸುವ ಉದ್ದೇಶ ನನಗಿಲ್ಲ. ಆದರೂ ಒಂದು ಮಾತು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 41ನೇ ಕಲಮಿನಲ್ಲಿ ಬಸ್ ನಿಲ್ದಾಣ, ರೈಲ್ವೆ ನಿಲ್ದಾಣ, ವಿಮಾನ ನಿಲ್ದಾಣಗಳ ಹೆಸರಿದೆ. ಅದರ ಜೊತೆಗೇ ಎಲ್ಲ ಬಗೆಯ ಸಾರಿಗೆಯೂ ಬಳಸಲು ಬರುವಂತಿರಬೇಕು ಅಂತಲೂ ಇದೆ. ಹಡಗು ಸಾರಿಗೆ ಅಲ್ಲ ಅಂತ ಯಾರೂ ಹೇಳಲಾರರು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಇಂಥ ಸೌಕರ್ಯದ ನಿಯಮಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯ ಆಗಬೇಕು ಅಂತ ಕೇಂದ್ರ ಸರ್ಕಾರಕ್ಕೆ ಹೇಳಿತು. ಹೊಸ ನಿಯಮ ಬರೆಯುವವರು ಪ್ಲಗ್ಗನ್ನು ಮರೆಯದಿರಲಿ.

ಮನೆಯಲ್ಲಿ ಇಂಥ ಸ್ಕೂಟರ್ ಇರುವ ನನ್ನ ಊರಿನವರಿಗೂ ಎರಡು ಮಾತು. ಸರ್ಜ್ ಗಾರ್ಡ್ ಇರುವ ಬೋರ್ಡ್ ಸುಮ್ನೆ ಹೊತ್ತುಕೊಂಡು ಹೋಗಬೇಡಿ. ಯುರೋಪಿನ ದುಂಡು ಪಿನ್ನಿನ ಅಡಾಪ್ಟರ್ ಒಂದು ಇಟ್ಟುಕೊಳ್ಳಿ. ಚಾರ್ಜ್ ಆಗುವಾಗ ಚಾರ್ಜರನ್ನು ಮಂಚದ ಕೆಳಗೆ ತುರುಕಬೇಡಿ, ಮೇಲೆ ಟವೆಲ್ ಹಾಕಬೇಡಿ, ಅದಕ್ಕೆ ಗಾಳಿ ಬೇಕು. ಹೊಸ ಸ್ಕೂಟರ್ ಕೊಳ್ಳುವವರಿದ್ದರೆ ಬ್ಯಾಟರಿ ಬಿಚ್ಚಿ ಹೊರಗಿಟ್ಟು ಚಾರ್ಜ್ ಮಾಡಲು ಬರುವಂಥದ್ದನ್ನು ನೋಡಿ, ಅರ್ಧ ತಲೆನೋವು ಅಲ್ಲೇ ಹೋಗುತ್ತದೆ. ಗೋಕುಲ ರೋಡಿನ ಏರ್‌ಪೋರ್ಟಿನಿಂದ ಹೋಗುವವರು ವಿಮಾನ ಕಂಪನಿಗೆ 48 ತಾಸು ಮುಂಚೆ ತಿಳಿಸಿ. ಬಿಚ್ಚಿ ತೆಗೆಯುವ ಲಿಥಿಯಂ ಬ್ಯಾಟರಿಯಾದರೆ ಒಂದೇ ಇದ್ದಾಗ 300 ವಾಟ್-ಅವರ್, ಎರಡಿದ್ದರೆ ಒಂದೊಂದು 160, ಇದು ವಿಮಾನದ ಮಿತಿ. ಅದನ್ನು ಕೈಚೀಲದಲ್ಲೇ ಒಯ್ಯಬೇಕು. ಕೊಳ್ಳುವಾಗಲೇ ಈ ಅಂಕಿ ನೋಡಿಕೊಂಡರೆ ಒಳ್ಳೆಯದು.

ಅಪ್ಪ ಈಗ ಕೊಚ್ಚಿಗೆ ಹಡಗಿನಲ್ಲಿ ಹೋಗಬೇಕು ಅಂತ ಕೂತಿದ್ದಾರೆ. ಮೇಲಿನ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇನೆ, ಚಾರ್ಜರ್ ಲೇಬಲ್ಲಿನ ಫೋಟೊ ಜೊತೆಗಿದೆ. ಈ ವಾರದಿಂದ ಊರಿನ ಏಜೆನ್ಸಿಗಳಿಗೆಲ್ಲ ಅದರ ಪ್ರತಿ ಕೊಟ್ಟು ಬರುತ್ತೇನೆ. ಹಡಗಿನ ಕಂಪನಿಯಿಂದ ಬರಹದಲ್ಲಿ ಉತ್ತರ ತರಿಸಿಕೊಟ್ಟವರ ಹತ್ತಿರವೇ ಟಿಕೆಟ್ ಬುಕ್ ಮಾಡುತ್ತೇವೆ. ಅಡ್ವಾನ್ಸ್ ಆ ಕಾಗದ ಕೈಗೆ ಬಂದ ಮೇಲೆ.

ಇಂತಿ,
ಕೇಶ್ವಾಪುರದ ಒಬ್ಬ ಗ್ರಾಹಕಿ, ಹುಬ್ಬಳ್ಳಿ